ಫೋರ್ಟಿನ ಪದ್ಮಿನಿ: ಒಂದು ಬಾಡಿಗೆ ಮೋಟಾರಿನ ಚರಿತ್ರೆ

ಮುಂಬಯಿಯ ಫೋರ್ಟ್ ವಿಭಾಗದ ಚರಿತ್ರೆಯನ್ನು ಬರೆದವರು ಹಲವರು. ೧೮೬೦ರ ದಶಕದಲ್ಲಿ ಕೋಟೆಯ ಗೋಡೆಗಳನ್ನು ಕೆಡವಿದುದು, ಇಂದು ಹಾರ್ನಿಮನ್ ಸರ್ಕಲ್ ಎನಿಸಿಕೊಂಡಿರುವ ಎಲ್ಫಿನ್‌ಸ್ಟನ್ ಸರ್ಕಲ್ ಏರ್ಪಟ್ಟುದು, ಬ್ಯಾಂಕುಗಳೂ ಹಡಗು ಸಂಸ್ಥೆಗಳೂ ಇಲ್ಲಿ ನೆಲೆಗೊಂಡುದು ಇವೆಲ್ಲವೂ ಗ್ರಂಥಸ್ಥವಾಗಿವೆ. ಬೀದಿಯ ವಾಹನಗಳಲ್ಲಿ ಟ್ರಾಮಿಗೂ ಈ ಭಾಗ್ಯ ದೊರೆತಿದೆ. ೧೮೭೪ರಲ್ಲಿ ಕುದುರೆಗಳೆಳೆಯುವ ಟ್ರಾಮು ಆರಂಭವಾದುದು, ೧೯೦೭ರಲ್ಲಿ ವಿದ್ಯುತ್ತಿನ ಟ್ರಾಮು ಬಂದುದು, ೧೯೬೪ರ ಮಾರ್ಚ್ ೩೧ರಂದು ಕೊನೆಯ ಟ್ರಾಮು ಓಡಿ ನಿಂತುದು ಬಲ್ಲವರೆಲ್ಲ ಬಲ್ಲ ಸಂಗತಿ. ಆದರೆ ಟ್ರಾಮಿನ ಬಳಿಕವೂ ಹಲವು ದಶಕಗಳ ಕಾಲ ಇದೇ ಬೀದಿಗಳಲ್ಲಿ ಹಗಲಿರುಳು ದುಡಿದ ಕಪ್ಪು ಹಳದಿ ಬಣ್ಣದ ಫಿಯೆಟ್ ಟ್ಯಾಕ್ಸಿಗೆ, ಎಂದರೆ ಪ್ರೀಮಿಯರ್ ಪದ್ಮಿನಿಗೆ, ಅಂತಹ ಚರಿತ್ರೆ ಇನ್ನೂ ಒದಗಿಲ್ಲ. ೨೦೨೩ರ ಅಕ್ಟೋಬರ್ ೩೦ರಿಂದ ಅದು ಬಾಡಿಗೆಯ ವಾಹನವಾಗಿ ಮುಂಬಯಿಯಲ್ಲಿ ಉಳಿದಿಲ್ಲ. ೧೯೫೩ರಲ್ಲಿ ಇಟಲಿಯ ಸಾಮಾನ್ಯ ಸಂಸಾರಗಳಿಗಾಗಿ ರೂಪಿತವಾದ ಒಂದು ಕಾರು ನಮ್ಮ ನಗರದಲ್ಲಿ ಅಷ್ಟು ದೀರ್ಘಕಾಲ ಹೇಗೆ ಬಾಳಿತು ಎಂಬ ಪ್ರಶ್ನೆಯನ್ನು ಪ್ರಕೃತ ಲೇಖನದಲ್ಲಿ ವಿಚಾರಿಸಲಾಗಿದೆ.

ಮುಂಬಯಿಗೆ ಮೀಟರ್ ಕಟ್ಟಿದ ಮೋಟಾರು ಟ್ಯಾಕ್ಸಿ ಬಂದುದು ೧೯೧೧ರಲ್ಲಿ. ಅಂದಿನಿಂದ ಸ್ವಾತಂತ್ರ್ಯದವರೆಗೂ ಕಾರುಗಳೆಲ್ಲ ಪರದೇಶದವು. ೧೯೨೮ರಲ್ಲಿ ಜನರಲ್ ಮೋಟಾರ್ಸ್ ಸಂಸ್ಥೆಯು ಶಿವಡಿಯಲ್ಲಿ ಕಾರ್ಖಾನೆಯನ್ನು ತೆರೆದರೂ ಅಲ್ಲಿ ನಡೆಯುತ್ತಿದ್ದುದು ಪೆಟ್ಟಿಗೆಗಳಲ್ಲಿ ಬಂದ ಭಾಗಗಳನ್ನು ಜೋಡಿಸುವ ಕೆಲಸ ಮಾತ್ರ. ಭಾರತದಲ್ಲಿಯೇ ಮೋಟಾರು ನಿರ್ಮಾಣವಾಗಬೇಕೆಂದು ಹಟ ಹಿಡಿದು ಯೋಜನೆಯನ್ನು ಸಿದ್ಧಪಡಿಸಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ೧೮೮೪ರಿಂದ ೧೯೦೮ರವರೆಗೆ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿದ್ದ ಅವರಿಗೆ ಈ ಪ್ರಾಂತದ ಬಲಾಬಲಗಳು ಚೆನ್ನಾಗಿ ತಿಳಿದಿದ್ದವು. ೧೯೩೫ರಲ್ಲಿ ಅವರು ಯುರೋಪು ಅಮೆರಿಕಗಳಲ್ಲಿ ಸಂಚರಿಸಿ ಮೋಟಾರು ಕಾರ್ಖಾನೆಗಳನ್ನು ಕಂಡುಬಂದರು. ಉದ್ಯಮಿ ವಾಲಚಂದ ಹೀರಾಚಂದರು ಈ ಕಾರ್ಯದಲ್ಲಿ ಅವರೊಡನೆ ಕೂಡಿದರು. ೧೯೩೭ರಲ್ಲಿ ಅಧಿಕಾರಕ್ಕೆ ಬಂದ ಮುಂಬಯಿಯ ಕಾಂಗ್ರೆಸ್ ಮಂತ್ರಿಮಂಡಲದಿಂದ ಬೆಂಬಲ ದೊರೆಯಿತಾದರೂ ೧೯೩೯ರಲ್ಲಿ ಆ ಮಂತ್ರಿಮಂಡಲವೇ ರಾಜೀನಾಮೆಯಿತ್ತಿತು. ಬಳಿಕ ಕಾರ್ಖಾನೆಯನ್ನು ಬೆಂಗಳೂರಿನಲ್ಲಿ ಸ್ಥಾಪಿಸಲು ಮೈಸೂರು ಸರಕಾರವು ಮುಂದೆ ಬಂದಿತು. ಭಾರತದ ಅಂದಿನ ಬ್ರಿಟಿಷ್ ಸರಕಾರವು ಅದಕ್ಕೆ ಒಪ್ಪಲಿಲ್ಲ. ವಾಲಚಂದರು ೧೯೪೦ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಕಟ್ಟಿದರು. ಮೋಟಾರಿನ ಕಾರ್ಖಾನೆ ಮಾತ್ರ ಮುಂಬಯಿಗೆ ಉಳಿಯಿತು. ೧೯೪೪ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪನೆಯಾಗಿ, ೧೯೪೭ರಲ್ಲಿ ಕುರ್ಲಾದಿಂದ ಅದರ ಮೊದಲ ವಾಹನಗಳು ಹೊರಬಂದವು. ಅವು ಅಮೆರಿಕದ ಕ್ರೈಸ್ಲರ್ ಸಂಸ್ಥೆಯ ನೆರವಿನಿಂದ ಜೋಡಿಸಿದವು. ವಾಲಚಂದರ ಉದ್ಯಮಗಳ ಕೇಂದ್ರವಾಗಿದ್ದ ಕನ್‌ಸ್ಟ್ರಕ್ಷನ್ ಹೌಸ್ ಬ್ಯಾಲಾರ್ಡ್ ಎಸ್ಟೇಟಿನಲ್ಲಿದೆ. ಫೋರ್ಟಿನ ದೊಡ್ಡ ಅಂಚೆ ಕಚೇರಿಯಿರುವ ರಸ್ತೆಗೆ ಅವರ ಹೆಸರೇ ಇದೆ. ಈ ಕಾರಿನ ಮೂಲವನ್ನು ಹುಡುಕುವವರು ಕುರ್ಲಾಕ್ಕೆ ಹೋಗುವ ಮೊದಲು ಫೋರ್ಟಿನಲ್ಲಿಯೇ ಒಂದು ಸುತ್ತು ಹಾಕಬಹುದು.

ಇನ್ನು ಕಾರಿನ ವಂಶಾವಳಿ. ೧೯೪೯ರಲ್ಲಿ ಭಾರತ ಸರಕಾರವು ಸಿದ್ಧ ಕಾರುಗಳ ಆಮದನ್ನು ತಡೆಯಿತು. ನಿರ್ಮಾಣದ ಯೋಜನೆಯಿಲ್ಲದೆ ಬರಿದೆ ಜೋಡಿಸುವ ಸಂಸ್ಥೆಗಳಿಗೆ ಅವಕಾಶವಿರಕೂಡದೆಂದು ೧೯೫೩ರಲ್ಲಿ ಸುಂಕ ಆಯೋಗವು ಶಿಫಾರಸು ಮಾಡಿತು. ಅದರ ಬೆನ್ನಿಗೆ ಫೋರ್ಡ್, ಜನರಲ್ ಮೋಟಾರ್ಸ್‌ಗಳು ಈ ದೇಶದ ವ್ಯವಹಾರವನ್ನು ಮುಚ್ಚಿದವು. ಉಳಿದವರಲ್ಲಿ ಪ್ರೀಮಿಯರ್ ಒಂದು. ಅದು ಇಟಲಿಯ ಫಿಯೆಟ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡು ೧೯೫೪ರಿಂದ ‘೧೧೦೦’ ಎಂಬ ಮಾದರಿಯನ್ನು ತಯಾರಿಸತೊಡಗಿತು. ಅದರ ಮೊದಲ ರೂಪಕ್ಕೆ ಮುಂಬಯಿಯ ಜನ ‘ಡುಕ್ಕರ್ ಫಿಯೆಟ್’ ಎಂದು ಹೆಸರಿಟ್ಟರು. ಡುಕ್ಕರ್ ಎಂದರೆ ಮರಾಠಿಯಲ್ಲಿ ಹಂದಿ. ಗುಂಡಗಿನ ಮೈಯನ್ನು ಕಂಡು ಇಟ್ಟ ಹೆಸರು. ಅನಂತರ ಎಲಿಗಂಟ್, ಸೆಲೆಕ್ಟ್, ಸೂಪರ್ ಸೆಲೆಕ್ಟ್ ಎಂಬ ರೂಪಗಳು ಬಂದು, ೧೯೬೪ರಲ್ಲಿ ‘ಡಿಲೈಟ್’ ಬಂದಿತು. ಮುಂದೆ ಪದ್ಮಿನಿಯೆಂದು ನಾವು ಗುರುತಿಸುವ ಮುಖಮೂರ್ತಿ ಇದರದೇ. ಫಿಯೆಟ್ ಎಂಬ ಹೆಸರು ೧೯೭೦ರ ದಶಕದ ಆರಂಭದಲ್ಲಿ ಹೋಗಿ ಪ್ರೀಮಿಯರ್ ಪ್ರೆಸಿಡೆಂಟ್ ಎಂದೂ ೧೯೭೪ರಲ್ಲಿ ಪ್ರೀಮಿಯರ್ ಪದ್ಮಿನಿ ಎಂದೂ ನಾಮಕರಣವಾಯಿತು. ಚಾಲಕರ ಬಾಯಲ್ಲಿ ಮಾತ್ರ ಅದು ಕೊನೆಯವರೆಗೂ ‘ಫಿಯೆಟ್’ ಆಗಿಯೇ ಉಳಿಯಿತು. ಇಟಲಿಯಲ್ಲಿ ೧೧೦೦ರ ಕೊನೆಯ ರೂಪ ನಿಂತುದು ೧೯೬೯ರಲ್ಲಿ. ಕುರ್ಲಾದಲ್ಲಿ ಅದರ ಬಳಿಕವೂ ಮೂವತ್ತು ವರ್ಷ ಹೆಚ್ಚುಕಡಿಮೆ ಅದೇ ಕಾರು ತಯಾರಾಗುತ್ತ ಬಂದಿತು.

ಇದಕ್ಕೆ ಮೊದಲ ಕಾರಣ ಸರಕಾರದ ನೀತಿ. ಪರವಾನಗಿಯಿಲ್ಲದೆ ಉತ್ಪಾದನೆಯನ್ನು ಹೆಚ್ಚಿಸುವಂತಿರಲಿಲ್ಲ. ೧೯೫೯ರ ನಿಯಂತ್ರಣ ಆಜ್ಞೆಯ ಮೇರೆಗೆ ಕಾರಿನ ಹಂಚಿಕೆ ಮಾರಾಟಗಳೂ ಕಟ್ಟಿಗೆ ಒಳಪಟ್ಟಿದ್ದವು. ಮುಂಗಡವಿತ್ತು ವರ್ಷಗಟ್ಟಲೆ ಕಾಯುವುದು ಸಾಮಾನ್ಯವಾಗಿತ್ತು. ಕೊಳ್ಳುವವನಿಗಿದ್ದ ಆಯ್ಕೆಯಾದರೂ ಎಷ್ಟು? ಕಲಕತ್ತೆಯ ಬಳಿಯ ಉತ್ತರಪಾಡಾದ ಅಂಬಾಸಡರ್, ಮದರಾಸಿನ ಸ್ಟ್ಯಾಂಡರ್ಡ್ ಹೆರಾಲ್ಡ್, ಕುರ್ಲಾದ ಫಿಯೆಟ್. ಕಲಕತ್ತೆಯು ಟ್ಯಾಕ್ಸಿಗಾಗಿ ಅಂಬಾಸಡರನ್ನು ಹಿಡಿಯಿತು. ಮುಂಬಯಿ ತನ್ನ ನೆಲದ ಫಿಯೆಟನ್ನು ಹಿಡಿಯಿತು. ಅಂಬಾಸಡರಿನ ಎಂಜಿನು ೧೪೮೯ ಘನ ಸೆಂಟಿಮೀಟರಿನದು, ಫಿಯೆಟಿನದು ೧೦೮೯. ಇಕ್ಕಟ್ಟಾದ ಬೀದಿಗಳಲ್ಲಿ ನಿಂತು ನಿಂತು ಸಾಗಬೇಕಾದ ಊರಿಗೆ ಚಿಕ್ಕ ಎಂಜಿನೇ ಲೇಸು. ಬಿಡಿಭಾಗಗಳು ಊರಿನೊಳಗೇ ದೊರೆಯುತ್ತಿದ್ದುದು ಇನ್ನೊಂದು ಅನುಕೂಲ. ಇದಲ್ಲದೆ ಆಟೊರಿಕ್ಷಾಕ್ಕೆ ಮಾಹಿಮ್, ಸಾಯನ್‌ಗಳನ್ನು ದಾಟಿ ದಕ್ಷಿಣಕ್ಕೆ ಬರಲು ಅನುಮತಿಯಿಲ್ಲ. ಆದುದರಿಂದ ಫೋರ್ಟಿನಲ್ಲಿ ಬಾಡಿಗೆಯ ವಾಹನವೆಂದರೆ ಟ್ಯಾಕ್ಸಿಯೇ ಆಯಿತು.

ಎರಡನೆಯ ಕಾರಣ ಸಾಲದ ಅನುಕೂಲ. ಇದನ್ನು ಚರಿತ್ರಕಾರರು ಸಾಮಾನ್ಯವಾಗಿ ಗಣಿಸುವುದಿಲ್ಲ. ಬ್ಯಾಂಕಿನ ಕೆಲಸದಲ್ಲಿರುವ ಈ ಲೇಖಕನ ಕಣ್ಣಿಗೆ ಅದು ಮೊದಲು ಬೀಳುವುದು ಸಹಜ. ದಿನದ ಬಾಡಿಗೆಯಿಂದ ಹೊಟ್ಟೆ ಹೊರೆಯುವ ಚಾಲಕನಿಗೆ ಸ್ವಂತ ಕಾರು ಕೈಗೂಡಬೇಕಾದರೆ ಯಾರಾದರೂ ಅವನನ್ನು ನಂಬಿ ಹಣ ಕೊಡಬೇಕು. ಮಂಗಳೂರಿನಲ್ಲಿ ಹುಟ್ಟಿ ತಾರುಣ್ಯದಲ್ಲಿಯೇ ಮುಂಬಯಿಗೆ ಬಂದ ಜಾರ್ಜ್ ಫರ್ನಾಂಡಿಸರು ಇಲ್ಲಿನ ಟ್ಯಾಕ್ಸಿ ಚಾಲಕರನ್ನು ಸಂಘಟಿಸಿದರು. ೧೯೬೭ರ ಚುನಾವಣೆಯಲ್ಲಿ ಅವರು ಎಸ್. ಕೆ. ಪಾಟೀಲರನ್ನು ದಕ್ಷಿಣ ಮುಂಬಯಿಯಲ್ಲಿ ಸೋಲಿಸಿದ ಕಥೆ ಪ್ರಸಿದ್ಧವಾದುದು. ಮರುವರ್ಷ, ೧೯೬೮ರಲ್ಲಿ, ಅವರ ಮುಂದಾಳುತನದಲ್ಲಿ ಬಾಂಬೆ ಲೇಬರ್ ಕೋಆಪರೇಟಿವ್ ಬ್ಯಾಂಕ್ ಸ್ಥಾಪನೆಯಾದ ಸಂಗತಿ ಅಷ್ಟು ಪ್ರಸಿದ್ಧವಲ್ಲ. ಚಾಲಕರೇ ಮೊದಲಾದ ಶ್ರಮಜೀವಿಗಳಿಗೆ ಸಾಲ ಕೊಡುವುದು ಅದರ ಉದ್ದೇಶವಾಗಿತ್ತು. ೧೯೬೯ರ ಜುಲೈ ೧೯ರಂದು ೧೪ ಬ್ಯಾಂಕುಗಳು ರಾಷ್ಟ್ರೀಕೃತವಾದವು. ನಮ್ಮ ಕರಾವಳಿಯಲ್ಲಿ ಹುಟ್ಟಿದ ಕೆನರಾ, ಸಿಂಡಿಕೇಟ್ ಬ್ಯಾಂಕುಗಳು ಅವುಗಳಲ್ಲಿ ಸೇರಿದ್ದವು. ತರುವಾಯ ಸಣ್ಣ ಸಾರಿಗೆಯವರಿಗೆ ಕೊಡುವ ಸಾಲವು ಆದ್ಯತೆಯ ಸಾಲಗಳಲ್ಲಿ ಒಂದೆನಿಸಿತು. ಕಾರು ಚಾಲಕನ ಕೈಯಲ್ಲಿ, ಅದರ ಮೇಲಣ ಹಕ್ಕು ನೋಂದಣಿ ಪತ್ರದಲ್ಲಿ ಬ್ಯಾಂಕಿನ ಹೆಸರಿನಲ್ಲಿ: ಈ ಏರ್ಪಾಡಿನಿಂದ ಎಷ್ಟೋ ಮಂದಿ ಬಾಡಿಗೆಯ ಚಾಲಕರು ಮಾಲೀಕರಾದರು. ಲೆಕ್ಕದ ಪುಸ್ತಕದಲ್ಲಿ ಮೋಟಾರಿನ ಬೆಲೆ ವರ್ಷವರ್ಷಕ್ಕೂ ಇಳಿಯತಕ್ಕದ್ದು. ಮುಂಬಯಿಯ ಹಳೆಯ ಟ್ಯಾಕ್ಸಿಯ ವಿಷಯದಲ್ಲಿ ಈ ಲೆಕ್ಕ ನಡೆಯಲಿಲ್ಲ. ತಗಡು ಸವೆದರೂ ಪರ್ಮಿಟ್ಟಿನ ಬೆಲೆ ಸವೆಯಲಿಲ್ಲ.

ಮೂರನೆಯ ಕಾರಣ ಯಂತ್ರದ ರಚನೆ. ಅದನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ. ಪದ್ಮಿನಿಯದು ನಾಲ್ಕು ಸಿಲಿಂಡರುಗಳ ಎಂಜಿನು. ಸಿಲಿಂಡರಿನ ವ್ಯಾಸ ೬೮ ಮಿಲಿಮೀಟರ್, ಪಿಸ್ಟನ್ನಿನ ಓಟ ೭೫ ಮಿಲಿಮೀಟರ್, ಬಲ ಸುಮಾರು ೪೦ ಅಶ್ವಶಕ್ತಿ. ಗೇರಿನ ಕೋಲು ಸ್ಟಿಯರಿಂಗಿನ ಕಂಬದ ಮೇಲಿತ್ತು. ನೆಲದಲ್ಲಿ ಗೇರಿಲ್ಲದುದರಿಂದ ಮುಂದಿನ ಉದ್ದ ಸೀಟಿನಲ್ಲಿ ಚಾಲಕನ ಪಕ್ಕದಲ್ಲಿಯೂ ಜನ ಕೂರಬಹುದಾಗಿತ್ತು. ಆ ಗೇರು ಹೊಸಬರಿಗೆ ಸುಲಭವಾಗಿ ಒಲಿಯುತ್ತಿರಲಿಲ್ಲ. ಕಂಬದಿಂದ ಗೇರುಪೆಟ್ಟಿಗೆಯವರೆಗೆ ಹಾಯುವ ಸರಳುಗಳ ಕೀಲುಗಳು ಸವೆದಂತೆ ಕೋಲು ಸಡಿಲವಾಗಿ, ಯಾವ ಗೇರು ಎಲ್ಲಿದೆಯೆಂಬುದು ಆ ಕಾರಿನ ಚಾಲಕನೊಬ್ಬನಿಗೇ ತಿಳಿದ ಗುಟ್ಟಾಗುತ್ತಿತ್ತು.

ಬೇಸಗೆಯಲ್ಲಿ ಅದರ ಮುಖ್ಯ ಕಾಯಿಲೆ ಕಾವು. ಫ್ಲೋರಾ ಫೌಂಟನ್ನಿನ ದಟ್ಟಣೆಯಲ್ಲಿ ಗಾಡಿ ನಿಂತೇ ಇದ್ದರೆ ರೇಡಿಯೇಟರಿಗೆ ಎದುರುಗಾಳಿ ಸಿಗದೆ ನೀರು ಕುದಿಯುತ್ತಿತ್ತು. ಪೆಟ್ರೋಲು ಪಂಪು ಎಂಜಿನಿಗೆ ತಾಗಿಯೇ ಇದ್ದುದರಿಂದ ಆ ಕಾವಿಗೆ ಪೆಟ್ರೋಲು ನಳಿಗೆಯಲ್ಲಿಯೇ ಆವಿಯಾಗುತ್ತಿತ್ತು. ಪಂಪು ದ್ರವವನ್ನು ಎಳೆಯಬಲ್ಲುದೇ ಹೊರತು ಆವಿಯನ್ನು ಎಳೆಯಲಾರದು. ಗಾಡಿ ಕೆಮ್ಮಿ ನಿಂತುಬಿಡುತ್ತಿತ್ತು. ಇದಕ್ಕೆ ಚಾಲಕರು ಕಂಡುಕೊಂಡ ಮದ್ದು ಒಂದು ಒದ್ದೆ ಬಟ್ಟೆ. ಅದನ್ನು ಪಂಪಿನ ಮೇಲೆ ಹೊದೆಸಿ ಕೊಂಚ ಹೊತ್ತು ಕಾದರೆ ಆವಿ ತಿರುಗಿ ದ್ರವವಾಗಿ ಗಾಡಿ ಹೊರಡುತ್ತಿತ್ತು. ಮಳೆಗಾಲದಲ್ಲಿ ಕಾಯಿಲೆ ಬೇರೆ. ನೀರು ನಿಂತ ರಸ್ತೆಯಲ್ಲಿ ಹಾಯುವಾಗ ಡಿಸ್ಟ್ರಿಬ್ಯೂಟರ್ ಒದ್ದೆಯಾಗಿ ಕಿಡಿ ಹಾರುತ್ತಿರಲಿಲ್ಲ. ಮುಚ್ಚಳವನ್ನು ತೆಗೆದು ಒಣಬಟ್ಟೆಯಿಂದ ಒರಸುವುದು, ಪಾಯಿಂಟನ್ನು ಮರಳು ಕಾಗದದಿಂದ ತಿಕ್ಕುವುದು, ಅದರ ಅಂತರವನ್ನು ಕಣ್ಣಳತೆಯಿಂದಲೇ ಹೊಂದಿಸುವುದು ಇವು ಪ್ರತಿಯೊಬ್ಬ ಚಾಲಕನಿಗೂ ಬರತಕ್ಕ ವಿದ್ಯೆಗಳಾಗಿದ್ದವು.

ತುಕ್ಕಿಗೆ ಮಾತ್ರ ಇಂತಹ ಅಗ್ಗದ ಮದ್ದಿರಲಿಲ್ಲ. ಈ ಕಾರಿಗೆ ಬೇರೆ ಚೌಕಟ್ಟಿಲ್ಲ; ಮೈಯ ತಗಡೇ ಅದರ ಎಲುಬು. ಕಡಲ ಗಾಳಿಯ ಉಪ್ಪೂ ಜೂನಿನಿಂದ ಸೆಪ್ಟೆಂಬರಿನವರೆಗಿನ ಮಳೆಯೂ ಕೂಡಿ ಕಾಲಡಿಯ ತಗಡನ್ನು ತಿನ್ನುತ್ತಿದ್ದವು. ತೂತು ಬಿದ್ದಲ್ಲಿ ಬೇರೆ ತಗಡನ್ನು ಬೆಸೆಯುವುದು, ಪುಟ್ಟಿ ತುಂಬಿ ಬಣ್ಣ ಬಳಿಯುವುದು ಮುಂಬಯಿಯಲ್ಲಿ ಒಂದು ದೊಡ್ಡ ಕಸುಬಾಗಿಯೇ ಬೆಳೆಯಿತು. ಅಪೇರಾ ಹೌಸಿನ ಅಂಗಡಿಗಳಲ್ಲಿ ಹೊಸ ಭಾಗಗಳೂ ಕುರ್ಲಾದ ಗುಜರಿಯಲ್ಲಿ ಹಳೆಯವೂ ದೊರೆಯುತ್ತಿದ್ದವು. ಕಾರು ಹುಟ್ಟಿದ ಕುರ್ಲಾದಲ್ಲಿಯೇ ಅದನ್ನು ಬಿಚ್ಚಿ ಮಾರುವ ಪೇಟೆಯೂ ಇದ್ದುದು ಗಮನಾರ್ಹ. ಕಾಲುದಾರಿಯ ಅಂಚಿನಲ್ಲಿ ನಾಲ್ಕು ಪಾನಾ, ಒಂದು ಜಾಕು, ಒಂದು ಡಬ್ಬಿ ಗ್ರೀಸು ಇಟ್ಟುಕೊಂಡು ಕುಳಿತ ಮಿಸ್ತ್ರಿಯು ಕೈಪಿಡಿಯನ್ನು ಓದಿದವನಲ್ಲ. ಶಬ್ದವನ್ನು ಕೇಳಿ ರೋಗವನ್ನು ಹೇಳುವ ಅವನ ವಿದ್ಯೆ ಉಸ್ತಾದನಿಂದ ಶಿಷ್ಯನಿಗೆ ಕೈಯಿಂದ ಕೈಗೆ ಬಂದುದು.

ಪೆಟ್ರೋಲಿನ ಖರ್ಚಿನ ಮಾತು ಉಳಿಯಿತು. ಮುಂಬಯಿಯ ಚಾಲಕರು ಇದಕ್ಕೆ ‘ಎವರೇಜ್’ ಎನ್ನುತ್ತಾರೆ. ಪೇಟೆಯ ಓಡಾಟದಲ್ಲಿ ಪದ್ಮಿನಿಯು ಲೀಟರಿಗೆ ಸುಮಾರು ೧೦ರಿಂದ ೧೨ ಕಿಲೋಮೀಟರ್ ಓಡುತ್ತಿತ್ತು. ೧೯೭೩ರ ಅಕ್ಟೋಬರಿನ ಅರಬ್–ಇಸ್ರೇಲ್ ಯುದ್ಧದ ತರುವಾಯ ಕಚ್ಚಾ ಎಣ್ಣೆಯ ಬೆಲೆ ಕೆಲವೇ ತಿಂಗಳಲ್ಲಿ ಸುಮಾರು ನಾಲ್ಕು ಪಟ್ಟಾದಾಗ ಈ ಸಂಖ್ಯೆ ಚಾಲಕನ ಮನೆಯ ಅಡುಗೆಯವರೆಗೂ ಮುಟ್ಟಿತು. ಸಿಗ್ನಲಿನಲ್ಲಿ ಎಂಜಿನನ್ನು ಆರಿಸುವುದು, ಇಳಿಜಾರಿನಲ್ಲಿ ಗೇರು ತೆಗೆದು ಬಿಡುವುದು, ಕಾರ್ಬುರೇಟರಿನ ತಿರುಪನ್ನು ಹಿಡಿದು ಪೆಟ್ರೋಲನ್ನು ಕಿರಿದು ಮಾಡುವುದು ಇವೆಲ್ಲ ಆಗಿನಿಂದ ಬೇರೂರಿದ ಅಭ್ಯಾಸಗಳು. ಬಾಡಿಗೆಯ ದರ ಏರಿದಾಗಲೆಲ್ಲ ಬಾನೆಟ್ಟಿನ ಎಡಗಡೆ ಹೊರಗೆ ಕಟ್ಟಿದ ಯಂತ್ರದ ಮೀಟರನ್ನು ಬದಲಿಸುವುದು ದುಬಾರಿ. ಆದುದರಿಂದ ಮೀಟರು ಹಳೆಯ ಅಂಕೆಯನ್ನೇ ತೋರಿಸುತ್ತಿತ್ತು. ಅದಕ್ಕೆ ಸಲ್ಲಬೇಕಾದ ಹೊಸ ಮೊತ್ತವನ್ನು ಚಾಲಕನು ದರಪಟ್ಟಿಯ ಚೀಟಿಯಲ್ಲಿ ನೋಡಿ ಹೇಳುತ್ತಿದ್ದನು. ಊರಿಗೆ ಹೊಸದಾಗಿ ಬಂದವರು ಇದನ್ನು ಮೋಸವೆಂದು ಬಗೆದು ಜಗಳ ತೆಗೆಯುವುದುಂಟು. ವಿದ್ಯುನ್ಮಾನ ಮೀಟರುಗಳು ಬಂದ ಮೇಲೆ ಆ ಚೀಟಿಯೂ ಆ ಜಗಳವೂ ಇಲ್ಲವಾದವು.

೨೦೦೧ರಲ್ಲಿ ಮುಂಬಯಿಯ ಉಚ್ಚ ನ್ಯಾಯಾಲಯವು ಹಳೆಯ ಟ್ಯಾಕ್ಸಿಗಳು ಶುದ್ಧ ಇಂಧನಕ್ಕೆ ಮಾರ್ಪಡಬೇಕೆಂದು ಆಜ್ಞಾಪಿಸಿತು. ಅರ್ಧ ಶತಮಾನದ ಹಿಂದೆ ಪೆಟ್ರೋಲಿಗಾಗಿ ಮಾಡಿದ ಎಂಜಿನಿಗೆ ಸಿ.ಎನ್.ಜಿ. ಅನಿಲವನ್ನು ಉಣಿಸಲಾಯಿತು. ಬಲ ಕೊಂಚ ಕುಗ್ಗಿದರೂ ಅದು ಓಡಿತು. ಖರ್ಚು ಇಳಿದುದರಿಂದ ಚಾಲಕನು ಬದುಕಿದನು. ಆದರೆ ಅನಿಲದ ಸಿಲಿಂಡರು ಡಿಕ್ಕಿಯನ್ನು ಆಕ್ರಮಿಸಿತು. ಊರಿಗೆ ಹೊರಟ ನಮ್ಮವರ ಟ್ರಂಕು ಹಾಸಿಗೆಗಳು ಮಾಡಿನ ಮೇಲಣ ಕ್ಯಾರಿಯರನ್ನೇ ಆಶ್ರಯಿಸಬೇಕಾಯಿತು.

ಈ ಕಾರಿನ ಅವಸಾನವು ಬೀದಿಯಲ್ಲಿ ಕಾಣುವುದಕ್ಕೆ ಬಹಳ ಮೊದಲೇ ಆರಂಭವಾಗಿತ್ತು. ೧೯೮೩ರ ಡಿಸೆಂಬರಿನಲ್ಲಿ ಮಾರುತಿ ಕಾರು ಬಂದಿತು. ಸಂಸಾರಸ್ಥರು ಮೆಲ್ಲಮೆಲ್ಲನೆ ಪದ್ಮಿನಿಯನ್ನು ಬಿಟ್ಟರು, ಟ್ಯಾಕ್ಸಿಯವರು ಬಿಡಲಿಲ್ಲ. ೧೯೯೧ರ ಆರ್ಥಿಕ ನೀತಿಯಿಂದ ಪರವಾನಗಿಯ ಬೇಲಿ ಬಿದ್ದಿತು. ಅದರ ಆಶ್ರಯದಲ್ಲಿ ಬಾಳಿದ ಕಾರು ಬೇಲಿಯಿಲ್ಲದ ಬಯಲಿನಲ್ಲಿ ಹತ್ತು ವರ್ಷಕ್ಕಿಂತ ಹೆಚ್ಚು ನಿಲ್ಲಲಿಲ್ಲ. ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಕುರ್ಲಾದಲ್ಲಿ ಅದರ ಉತ್ಪಾದನೆ ನಿಂತಿತು. ಕಾರ್ಖಾನೆಯಿದ್ದ ನೆಲದಲ್ಲಿ ಮುಂದೆ ಕೊಹಿನೂರ್ ಸಿಟಿ ಎಂಬ ವಸತಿ ಸಮುದಾಯವೆದ್ದಿತು. ಸರಕಾರವು ಟ್ಯಾಕ್ಸಿಯ ಆಯುಸ್ಸನ್ನು ೨೦೦೮ರಲ್ಲಿ ೨೫ ವರ್ಷಕ್ಕೂ ೨೦೧೩ರಲ್ಲಿ ೨೦ ವರ್ಷಕ್ಕೂ ಮಿತಿಗೊಳಿಸಿತು. ಕೊನೆಯ ಪದ್ಮಿನಿ ಟ್ಯಾಕ್ಸಿ ಟಾಡದೇವ ಕಚೇರಿಯಲ್ಲಿ ನೋಂದಣಿಯಾದುದು ೨೦೦೩ರ ಅಕ್ಟೋಬರ್ ೨೯ರಂದು. ಇಪ್ಪತ್ತು ವರ್ಷ ತುಂಬಿದೊಡನೆ ಅದರ ಅವಧಿಯೂ ಮುಗಿಯಿತು.

ಮೇಲಿನ ವಿಚಾರದಿಂದ ತಿಳಿದುಬರುವುದಿಷ್ಟು: ಪದ್ಮಿನಿಯು ಬಾಳಿದುದು ತನ್ನ ಗುಣಾತಿಶಯದಿಂದ ಎನ್ನಲಾಗದು. ಬೇರೆ ಗತಿಯಿಲ್ಲದಂತೆ ಮಾಡಿದ ನೀತಿ, ಬಡವನ ಕೈಗೆಟುಕಿದ ಸಾಲ, ಕೈಯಿಂದಲೇ ಬಿಚ್ಚಿ ಜೋಡಿಸಬಹುದಾದ ರಚನೆ ಈ ಮೂರೂ ಕೂಡಿದಾಗ ಅದು ಉಳಿಯಿತು. ಯಂತ್ರಗಳನ್ನು ಕಟ್ಟುವ ಶಕ್ತಿ ನಮ್ಮ ಜನಕ್ಕೆ ಬರಬೇಕೆಂಬುದು ವಿಶ್ವೇಶ್ವರಯ್ಯನವರ ಆಶಯವಾಗಿತ್ತು. ಕಾರ್ಖಾನೆಯ ಒಳಗೆ ಆ ಆಶಯ ಎಷ್ಟು ಫಲಿಸಿತೆಂಬುದು ಚರ್ಚಾಸ್ಪದ: ಒಂದೇ ಪರದೇಶೀ ವಿನ್ಯಾಸವನ್ನು ನಾವು ನಲವತ್ತು ವರ್ಷಕ್ಕೂ ಮೇಲ್ಪಟ್ಟು ತಿದ್ದುತ್ತ ಬಂದೆವು. ಕಾರ್ಖಾನೆಯ ಹೊರಗೆ, ಅಭಾವದ ಒತ್ತಡದಿಂದ, ಯಂತ್ರವನ್ನು ಅರಿತ ಒಂದು ಜನಸಮುದಾಯವೇ ಬೀದಿಯಲ್ಲಿ ತಯಾರಾಯಿತು. ಯಾವ ಯೋಜನೆಯೂ ಎಣಿಸದ ಫಲವಿದು.

ಕಾರು ವಸ್ತುಸಂಗ್ರಹಾಲಯದಲ್ಲಿ ಉಳಿಯಬಹುದು; ಒದ್ದೆ ಬಟ್ಟೆಯ ಮದ್ದನ್ನು, ಕಣ್ಣಳತೆಯ ಪಾಯಿಂಟನ್ನು, ಶಬ್ದದಿಂದ ರೋಗವನ್ನು ಗುರುತಿಸುವ ಕಿವಿಯನ್ನು ಅಲ್ಲಿ ಇಡಲು ಬರುವುದಿಲ್ಲ. ಅವನ್ನು ಬಲ್ಲ ಮಿಸ್ತ್ರಿಗಳೂ ಚಾಲಕರೂ ವೃದ್ಧರಾಗುತ್ತಿದ್ದಾರೆ. ಅವರ ಮಾತು ಹಿಂದಿ, ಮರಾಠಿ, ತುಳು, ಕೊಂಕಣಿ, ಕನ್ನಡಗಳ ಬೆರಕೆಯಾದುದರಿಂದ ಯಾವ ಒಂದು ಭಾಷೆಯ ವಿದ್ವಾಂಸರೂ ಅದನ್ನು ತಮ್ಮದೆಂದು ಎತ್ತಿಕೊಂಡಿಲ್ಲ. ಹಲವು ಭಾಷೆಗಳ ನಡುವೆ ಬಾಳುತ್ತಿರುವ ಮುಂಬಯಿಯ ಕನ್ನಡಿಗರಿಗೆ ಈ ಕೆಲಸ ಇತರರಿಗಿಂತ ಸುಲಭ. ವೃತ್ತಿಪದಗಳನ್ನು, ದುರಸ್ತಿಯ ಕ್ರಮಗಳನ್ನು, ಸಾಲ ತೀರಿಸಿದ ಲೆಕ್ಕದ ಚೀಟಿಗಳನ್ನು ಈಗಲೇ ಬರೆದಿಟ್ಟುಕೊಂಡರೆ ಮುಂದಿನ ಚರಿತ್ರಕಾರನಿಗೆ ಆಧಾರ ದೊರೆತೀತು. ಹತ್ತು ವರ್ಷ ತಡೆದರೆ ಕೇಳುವುದಕ್ಕೆ ಯಾರೂ ಉಳಿದಿರಲಾರರು.