ಬಳ್ಳಾರಿ ಜಿಲ್ಲಾ ಶಾಲಾ ಕ್ರೀಡಾಕೂಟ

ಬಳ್ಳಾರಿ ನಗರ, ಸಿರುಗುಪ್ಪ, ಕುರುಗೋಡು, ಕಂಪ್ಲಿ ಮತ್ತು ಸಂಡೂರು ಭಾಗದ ಶಾಲಾ ಮಕ್ಕಳಿಗಾಗಿ ಶಿಕ್ಷಣ ಇಲಾಖೆ ಪ್ರತಿವರ್ಷ ನಡೆಸುವ ಸ್ಪರ್ಧೆ. ಇದರಲ್ಲಿ ಮೇಲಾಟಗಳೂ ಗುಂಪು ಆಟಗಳೂ ಇರುತ್ತವೆ. ಹೋಬಳಿ ಅಥವಾ ಕ್ಲಸ್ಟರ್ ಮಟ್ಟದಲ್ಲಿ ಗೆದ್ದವರು ತಾಲ್ಲೂಕಿಗೆ, ಅಲ್ಲಿ ಗೆದ್ದವರು ಜಿಲ್ಲೆಗೆ ಬರುತ್ತಾರೆ. ಜಿಲ್ಲೆಯಿಂದ ಮುಂದೆ ಕಲಬುರಗಿ ವಿಭಾಗ, ಆಮೇಲೆ ರಾಜ್ಯ. ರಾಜ್ಯ ತಂಡಗಳು 1954ರಲ್ಲಿ ಸ್ಥಾಪನೆಯಾದ ಭಾರತೀಯ ಶಾಲಾ ಕ್ರೀಡಾ ಒಕ್ಕೂಟದ ರಾಷ್ಟ್ರೀಯ ಕೂಟಕ್ಕೆ ಹೋಗುತ್ತವೆ.

ಸ್ಪರ್ಧಿಗಳನ್ನು ವಯಸ್ಸಿನ ಮೇಲೆ ವಿಂಗಡಿಸುತ್ತಾರೆ. 14 ವರ್ಷದೊಳಗಿನವರದು ಪ್ರಾಥಮಿಕ ಶಾಲಾ ಕೂಟ, 17ರೊಳಗಿನವರದು ಪ್ರೌಢಶಾಲಾ ಕೂಟ. 19ರೊಳಗಿನವರದು ಪದವಿಪೂರ್ವ ಕಾಲೇಜುಗಳ ಪ್ರತ್ಯೇಕ ಕೂಟ. ಬಾಲಕರಿಗೂ ಬಾಲಕಿಯರಿಗೂ ಬೇರೆ ಬೇರೆ ಸ್ಪರ್ಧೆ. ಕಬಡ್ಡಿಯಲ್ಲಿ ವಯಸ್ಸಿನ ಜೊತೆಗೆ ತೂಕದ ಮಿತಿಯೂ ಇರುವುದರಿಂದ ಆಟಕ್ಕೆ ಮೊದಲು ತಕ್ಕಡಿ ಏರಬೇಕಾಗುತ್ತದೆ. ಜನ್ಮ ದಿನಾಂಕದ ದಾಖಲೆಯ ಬಗ್ಗೆ ತಕರಾರು ಏಳುವುದು ಕೂಟದ ಹಳೆಯ ರೂಢಿಗಳಲ್ಲೊಂದು.

ಗಡಿಗಳು

ಈ ಕೂಟದಲ್ಲಿ ಯಾರು ಯಾರ ಎದುರು ಆಡುತ್ತಾರೆ ಎಂಬುದನ್ನು ಮೈದಾನಕ್ಕಿಂತ ಮೊದಲು ಆಡಳಿತದ ನಕ್ಷೆಯೇ ತೀರ್ಮಾನಿಸುತ್ತದೆ. ಶಿಕ್ಷಣ ಇಲಾಖೆಯ ವಲಯಗಳೂ ಕಂದಾಯ ತಾಲ್ಲೂಕುಗಳೂ ಒಂದಕ್ಕೊಂದು ಸರಿಹೊಂದಬೇಕೆಂದೇನೂ ಇಲ್ಲ. ಬಳ್ಳಾರಿ ತಾಲ್ಲೂಕನ್ನು ಇಲಾಖೆ ಬಹುಕಾಲದಿಂದ ಪೂರ್ವ, ಪಶ್ಚಿಮ ಎಂದು ಎರಡು ವಲಯ ಮಾಡಿಕೊಂಡಿದೆ. ಒಂದೇ ತಾಲ್ಲೂಕಿನ ಮಕ್ಕಳು ಜಿಲ್ಲಾ ಮಟ್ಟದಲ್ಲಿ ಎದುರಾಳಿಗಳಾಗುವುದು ಹೀಗೆ. ಕುರುಗೋಡು ಮೊದಲು ಬಳ್ಳಾರಿ ತಾಲ್ಲೂಕಿನ ಹೋಬಳಿಯಾಗಿತ್ತು, 2018ರ ಸುಮಾರಿಗೆ ಸ್ವತಂತ್ರ ತಾಲ್ಲೂಕಾಯಿತು. ಕಂಪ್ಲಿಯೂ ಅದೇ ಹೊತ್ತಿಗೆ ಹೊಸಪೇಟೆಯಿಂದ ಬೇರೆಯಾಯಿತು.

ದೊಡ್ಡ ಬದಲಾವಣೆ ಬಂದದ್ದು 2021ರ ಫೆಬ್ರವರಿಯಲ್ಲಿ, ವಿಜಯನಗರ ಜಿಲ್ಲೆ ರಚನೆಯಾದಾಗ. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ತಾಲ್ಲೂಕುಗಳು ಅತ್ತ ಹೋದವು, ಬಳ್ಳಾರಿಗೆ ಐದು ತಾಲ್ಲೂಕು ಉಳಿದವು. ಅಲ್ಲಿಯವರೆಗೆ ಜಿಲ್ಲಾ ಪಂದ್ಯದಲ್ಲಿ ಎದುರಾಗುತ್ತಿದ್ದ ಹೊಸಪೇಟೆ ತಂಡವನ್ನು ಬಳ್ಳಾರಿಯವರು ಈಗ ವಿಭಾಗ ಮಟ್ಟದಲ್ಲಿ ಎದುರಿಸಬೇಕು. ಸ್ಪರ್ಧಿಗಳ ಸಂಖ್ಯೆ ಇಳಿದದ್ದು ನಿಜ. ಆದರೆ ಹಿಂದೆ ಒಂದೇ ತಂಡ ಹೋಗುತ್ತಿದ್ದ ಪ್ರದೇಶದಿಂದ ಈಗ ಎರಡು ಜಿಲ್ಲಾ ತಂಡಗಳು ಕಲಬುರಗಿ ವಿಭಾಗಕ್ಕೆ ಹೋಗುತ್ತವೆ. ಮಕ್ಕಳ ದೃಷ್ಟಿಯಿಂದ ನೋಡಿದರೆ ಇದು ಲಾಭವೇ. ಹರಪನಹಳ್ಳಿಯದು ವಿಚಿತ್ರ ಕಥೆ: 1997ರಲ್ಲಿ ದಾವಣಗೆರೆಗೆ ಸೇರಿ, ಎರಡು ದಶಕ ಕಳೆದ ಮೇಲೆ ಬಳ್ಳಾರಿಗೆ ಮರಳಿ, ಸ್ವಲ್ಪ ಕಾಲದಲ್ಲೇ ವಿಜಯನಗರದ ಪಾಲಾಯಿತು.

ಇನ್ನೂ ಹಳೆಯ ಗೆರೆಯೊಂದಿದೆ. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆ ಮದರಾಸು ರಾಜ್ಯದಲ್ಲಿತ್ತು. ಅಂದು ಆಂಧ್ರ ರಾಜ್ಯ ಹುಟ್ಟಿದಾಗ ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಅಲ್ಲಿಗೂ, ಬಳ್ಳಾರಿ, ಸಿರುಗುಪ್ಪ ಮುಂತಾದವು ಮೈಸೂರಿಗೂ ಹೋದವು. ಸಿರುಗುಪ್ಪದ ಪೇಟೆಯಲ್ಲಿ ಇಂದಿಗೂ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಆದರೆ ನೆರೆಯ ಆದವಾನಿಯ ಹುಡುಗರೊಂದಿಗೆ ಶಾಲಾ ಕೂಟದಲ್ಲಿ ಆಡಬೇಕೆಂದರೆ ರಾಷ್ಟ್ರ ಮಟ್ಟಕ್ಕೇ ಹೋಗಬೇಕು.

ಆಟಗಳು ಮತ್ತು ಅಂಕಗಳು

ಮೇಲಾಟಗಳಲ್ಲಿ ಓಟಗಳು, ರಿಲೇ, ಉದ್ದ ಜಿಗಿತ, ಎತ್ತರ ಜಿಗಿತ, ತ್ರಿವಿಧ ಜಿಗಿತ, ಗುಂಡು, ಚಕ್ರ ಮತ್ತು ಭರ್ಜಿ ಎಸೆತ ಇರುತ್ತವೆ. ಗುಂಪು ಆಟಗಳಲ್ಲಿ ಕಬಡ್ಡಿ, ಕೊಕ್ಕೊ, ವಾಲಿಬಾಲ್, ಥ್ರೋಬಾಲ್ ಮುಖ್ಯ. ಸಣ್ಣ ಊರಿನ ಶಾಲೆಗಳು ದೊಡ್ಡ ಶಾಲೆಗಳನ್ನು ಸೋಲಿಸುವುದು ಹೆಚ್ಚಾಗಿ ಕಬಡ್ಡಿ, ಕೊಕ್ಕೊಗಳಲ್ಲಿ. ಕಬಡ್ಡಿಗೆ ಅಂಕಣದಲ್ಲಿ ಏಳು ಮಂದಿ, ಕೊಕ್ಕೊಗೆ ಒಂಬತ್ತು ಮಂದಿ ಸಾಕು. ಬೇಕಾದ ಸಾಮಾನೆಂದರೆ ಎರಡು ಕಂಬ, ಸುಣ್ಣದ ಪುಡಿ. ಭರ್ಜಿ ಎಸೆತಕ್ಕಾದರೋ ಭರ್ಜಿಯೂ ಬೇಕು, ಅದನ್ನು ಕಲಿಸುವವರೂ ಬೇಕು.

ಪ್ರಥಮ ಸ್ಥಾನಕ್ಕೆ 5, ದ್ವಿತೀಯಕ್ಕೆ 3, ತೃತೀಯಕ್ಕೆ 1 ಅಂಕ ಕೊಡುವುದು ಶಾಲಾ ಕೂಟಗಳ ಸಾಮಾನ್ಯ ಪದ್ಧತಿ. ಮೇಲಾಟಗಳಲ್ಲಿ ಅತಿ ಹೆಚ್ಚು ಅಂಕ ಗಳಿಸಿದ ಬಾಲಕ, ಬಾಲಕಿಗೆ ವೈಯಕ್ತಿಕ ವೀರಾಗ್ರಣಿ, ಹೆಚ್ಚು ಅಂಕದ ತಂಡಕ್ಕೆ ಸಮಗ್ರ ವೀರಾಗ್ರಣಿ. ಧ್ವಜಾರೋಹಣ, ಪಥಸಂಚಲನ, ಕ್ರೀಡಾಜ್ಯೋತಿ, ಪ್ರಮಾಣ ವಚನ ಮುಗಿಯುವ ಹೊತ್ತಿಗೆ ಬಳ್ಳಾರಿಯ ಬಿಸಿಲು ನೆತ್ತಿಗೇರಿರುತ್ತದೆ. ಅತಿಥಿಗಳ ಭಾಷಣ ಉದ್ದವಾದಷ್ಟೂ ನೂರು ಮೀಟರ್ ಓಟದವರ ಪಾಡು ಹೇಳತೀರದು.

ಮೈದಾನ ಮತ್ತು ಹವೆ

ಕೆಳಹಂತದ ಕೂಟಗಳು ಸಾಮಾನ್ಯವಾಗಿ ಜುಲೈಯಿಂದ ಸೆಪ್ಟೆಂಬರ್‌ವರೆಗೆ, ಅಂದರೆ ಮಳೆಗಾಲದಲ್ಲಿ ನಡೆಯುತ್ತವೆ. ಬಳ್ಳಾರಿ ಒಣನಾಡು, ಮಳೆ ಕಡಿಮೆ. ಆದರೂ ಸಿರುಗುಪ್ಪ ಕಡೆಯ ಎರೆ ನೆಲಕ್ಕೆ ಒಂದು ಜೋರು ಮಳೆ ಸಾಕು, ಮಣ್ಣು ಕಾಲಿಗೆ ಅಂಟಿ ಓಟದ ಪಥ ಎರಡು ದಿನ ಕೆಲಸಕ್ಕೆ ಬಾರದು. ಒಣಗಿದ ಮೇಲೆ ಬಿರುಕು ಬಿಡುತ್ತದೆ. ತುಂಗಭದ್ರಾ ಕಾಲುವೆಯ ನೀರಿನಿಂದ ಭತ್ತಕ್ಕೆ ಹೆಸರಾದ ನೆಲ ಓಟಗಾರನಿಗೆ ಒಗ್ಗುವುದಿಲ್ಲ. ಶಾಲಾ ಬಯಲಿನಲ್ಲಿ 400 ಮೀಟರಿನ ಪಥಕ್ಕೆ ಜಾಗ ಸಿಗದಿದ್ದರೆ 200 ಮೀಟರಿನ ಪಥ ಎಳೆಯುತ್ತಾರೆ. ತಿರುವುಗಳು ಬಿಗಿಯಾಗುವುದರಿಂದ ಅಲ್ಲಿ ಓಡಿದ ಸಮಯವನ್ನು ಜಿಲ್ಲಾ ಕ್ರೀಡಾಂಗಣದ ಸಮಯದೊಂದಿಗೆ ಹೋಲಿಸಲಾಗದು.

ಪಥ ಎಳೆಯುವುದು, ಅಂಕಣ ಗುರುತಿಸುವುದು, ತೀರ್ಪು ಹೇಳುವುದು, ಮಕ್ಕಳನ್ನು ಬಸ್ಸಿನಲ್ಲಿ ಕರೆತಂದು ಊಟ ಹಾಕಿಸಿ ಮನೆಗೆ ಮುಟ್ಟಿಸುವುದು ಎಲ್ಲವೂ ದೈಹಿಕ ಶಿಕ್ಷಣ ಶಿಕ್ಷಕರ ತಲೆಯ ಮೇಲೆ. ಸಣ್ಣ ಪ್ರಾಥಮಿಕ ಶಾಲೆಗಳಲ್ಲಿ ಈ ಹುದ್ದೆಯೇ ಇಲ್ಲದ ಕಡೆ ತರಗತಿ ಶಿಕ್ಷಕರೇ ಸೀಟಿ ಹಿಡಿಯುತ್ತಾರೆ. ದೈಹಿಕ ಶಿಕ್ಷಣದ ಕುರಿತ ಎಲ್.ಆರ್. ವೈದ್ಯನಾಥನ್ ವರದಿಯನ್ನು ಜಾರಿಗೆ ತರಬೇಕೆಂದು ರಾಜ್ಯದ ದೈಹಿಕ ಶಿಕ್ಷಣ ಶಿಕ್ಷಕರು ಒತ್ತಾಯಿಸುತ್ತ ಬಂದಿದ್ದಾರೆ, ಅದಕ್ಕಾಗಿ ಕೂಟಗಳನ್ನು ಬಹಿಷ್ಕರಿಸುವ ಎಚ್ಚರಿಕೆಯನ್ನೂ ಕೊಟ್ಟಿದ್ದಾರೆ. 2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದ ಕಾರಣ ಕೂಟ ನಡೆಯಲಿಲ್ಲ.

ಸಂಬಂಧಿತ ಕೂಟಗಳು

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ದಸರಾ ಕ್ರೀಡಾಕೂಟವೂ ತಾಲ್ಲೂಕು, ಜಿಲ್ಲೆ, ವಿಭಾಗ ದಾಟಿ ಮೈಸೂರು ಮುಟ್ಟುತ್ತದೆ. ಅದು ಶಾಲೆಗೆ ಸೀಮಿತವಲ್ಲ, ಊರಿನ ಯುವಕ ಯುವತಿಯರೂ ಭಾಗವಹಿಸಬಹುದು. ಕಂದಾಯ ತಾಲ್ಲೂಕೇ ಅದಕ್ಕೆ ಆಧಾರವಾದ್ದರಿಂದ ಕುರುಗೋಡಿಗೆ ತನ್ನದೇ ತಂಡ ಕಟ್ಟುವ ಅವಕಾಶ ಅಲ್ಲಿ ಸಿಕ್ಕಿದೆ. 2018ರಲ್ಲಿ ಸಂಡೂರು ತಾಲ್ಲೂಕಿನ ತೋರಣಗಲ್ಲು ಬಳಿ ಜೆ.ಎಸ್.ಡಬ್ಲ್ಯು. ಸಂಸ್ಥೆ ಆರಂಭಿಸಿದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್ ಇದೇ ಜಿಲ್ಲೆಯಲ್ಲಿದೆ. ಒಲಿಂಪಿಕ್ ಚಿನ್ನ ಗೆದ್ದ ನೀರಜ್ ಚೋಪ್ರಾ ಅಲ್ಲಿ ತರಬೇತಿ ಪಡೆದವರು. ಆ ಸಂಸ್ಥೆಗೂ ಇಲಾಖೆಯ ಕೂಟಕ್ಕೂ ಆಡಳಿತದ ನಂಟಿಲ್ಲ.