ಬಾಣಂತನ ಮುಗಿದ ಮೇಲೆ: ಕಾಚಿಗೂಡದ ಕನ್ನಡ ಕುಟುಂಬಗಳಲ್ಲಿ ಎಳೆಮಕ್ಕಳ ತಾಯಂದಿರ ದಿನಚರಿ ಮತ್ತು ಗೆಳೆತನ

ಪೀಠಿಕೆ

ಕನ್ನಡ ಸಮಾಜದಲ್ಲಿ ಹೆರಿಗೆಯ ಆರೈಕೆಗೆ ಒಂದು ಕಟ್ಟುನಿಟ್ಟಾದ ಕ್ರಮವಿದೆ. ಚೊಚ್ಚಲ ಹೆರಿಗೆಗೆ ಹೆಣ್ಣು ತವರಿಗೆ ಹೋಗುವುದು, ಅಲ್ಲಿ ಮೂರರಿಂದ ಐದು ತಿಂಗಳು ಎಣ್ಣೆನೀರು, ಪಥ್ಯದೂಟ, ವಿಶ್ರಾಂತಿಗಳಲ್ಲಿ ಕಳೆಯುವುದು, ತೊಟ್ಟಿಲು ಶಾಸ್ತ್ರವಾದ ಮೇಲೆ ಕೂಸಿನೊಂದಿಗೆ ಗಂಡನ ಮನೆಗೆ ಮರಳುವುದು ಬಾಣಂತನದ ಸಾಮಾನ್ಯ ರೂಪ. ಇನ್ನೊಂದು ತುದಿಯಲ್ಲಿ ಅಕ್ಷರಾಭ್ಯಾಸ ಮತ್ತು ಶಾಲೆ ಇವೆ. ಈ ಎರಡರ ನಡುವಿನ ಅವಧಿಗೆ, ಅಂದರೆ ಮಗು ಅಂಬೆಗಾಲು ಬಿಟ್ಟು ನಡೆಯತೊಡಗಿ, ತೊದಲು ನುಡಿಯಿಂದ ಪೂರ್ಣ ಮಾತಿಗೆ ಬರುವ ಒಂದರಿಂದ ಮೂರು ವರ್ಷಗಳ ಕಾಲಕ್ಕೆ, ಇಂಥ ಹೆಸರುಳ್ಳ ವ್ಯವಸ್ಥೆ ಯಾವುದೂ ಇಲ್ಲ. ತಾಯಿಗೆ ಅತಿ ಹೆಚ್ಚು ಎಚ್ಚರ ಮತ್ತು ದೈಹಿಕ ಶ್ರಮ ಬೇಕಾಗುವ ಕಾಲವೇ ಸಂಪ್ರದಾಯದ ಆರೈಕೆಯೂ ಸರ್ಕಾರದ ಯೋಜನೆಯೂ ತೆಳುವಾಗುವ ಕಾಲವಾಗಿದೆ. ಈ ತೆರಪನ್ನು ಬಹುಮಟ್ಟಿಗೆ ತುಂಬುತ್ತಿರುವುದು ತಾಯಂದಿರ ಪರಸ್ಪರ ಗೆಳೆತನ ಎಂಬುದು ಈ ಲೇಖನದ ಪ್ರತಿಪಾದನೆ. ಆದ್ದರಿಂದ ಆ ಗೆಳೆತನವನ್ನು ಬಿಡುವಿನ ವೇಳೆಯ ಹರಟೆಯೆಂದು ಬದಿಗಿಡದೆ, ಮಕ್ಕಳ ಪಾಲನೆಯ ಒಂದು ಸಾಮಾಜಿಕ ಸಂಸ್ಥೆಯೆಂದು ಪರಿಗಣಿಸಬೇಕು. ಹೈದರಾಬಾದಿನ ಕಾಚಿಗೂಡವನ್ನು ನೆಲೆಯಾಗಿಟ್ಟುಕೊಂಡು, ಅಲ್ಲಿ ಸೇರುವ ಆಚರಣೆಗಳು, ವಾಸದ ರೀತಿ, ಭಾಷಾ ಪರಿಸರ ಹಾಗೂ ಸಾರ್ವಜನಿಕ ಯೋಜನೆಗಳ ಆಧಾರದಿಂದ ಈ ಮಾತನ್ನು ಮುಂದೆ ಪರಿಶೀಲಿಸಲಾಗಿದೆ.

ನೆಲೆಯ ಹಿನ್ನೆಲೆ

ನಿಜಾಮರ ಹೈದರಾಬಾದ್ ಸಂಸ್ಥಾನ ತೆಲುಗು, ಮರಾಠಿ, ಕನ್ನಡ ಭಾಷೆಗಳ ಜಿಲ್ಲೆಗಳನ್ನು ಒಳಗೊಂಡಿತ್ತು. ಉರ್ದು ಆಡಳಿತ ಭಾಷೆಯಾಗಿತ್ತು. ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳ ಕನ್ನಡಿಗರಿಗೆ ಉನ್ನತ ವಿದ್ಯೆ, ನೌಕರಿ, ನ್ಯಾಯಾಲಯ, ವ್ಯಾಪಾರಗಳಿಗೆಲ್ಲ ಹೈದರಾಬಾದೇ ರಾಜಧಾನಿ. 1916ರಲ್ಲಿ ಕಟ್ಟಿದ ಕಾಚಿಗೂಡ ರೈಲು ನಿಲ್ದಾಣ ನಿಜಾಮರ ರೈಲ್ವೆಯ ಪ್ರಮುಖ ಕೇಂದ್ರವಾಯಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಆರಂಭವಾದ ಮೇಲೆ ನಗರದ ಸೆಳೆತ ಇನ್ನೂ ಹೆಚ್ಚಿತು. 1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ವಿಲೀನವಾಗಿ, 1956ರ ನವೆಂಬರ್ 1ರಂದು ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದರೂ ನಗರದಲ್ಲಿ ನೆಲೆಸಿದ್ದ ಕನ್ನಡ ಕುಟುಂಬಗಳು ಅಲ್ಲಿಯೇ ಉಳಿದವು. ಕಾಚಿಗೂಡದ ಕರ್ನಾಟಕ ಸಾಹಿತ್ಯ ಮಂದಿರ ಮತ್ತು ನೃಪತುಂಗ ಶಾಲೆ ಈ ಉಳಿವಿನ ಸಾಂಸ್ಥಿಕ ಗುರುತುಗಳು.

ಇಂದಿನ ಕನ್ನಡ ಕುಟುಂಬಗಳಲ್ಲಿ ಎರಡು ಬಗೆಯ ತಾಯಂದಿರನ್ನು ಗುರುತಿಸಬಹುದು. ಹೈದರಾಬಾದಿನಲ್ಲಿಯೇ ಹುಟ್ಟಿ ಬೆಳೆದು, ತವರು ಮತ್ತು ಗಂಡನ ಮನೆ ಎರಡೂ ಒಂದೇ ನಗರದಲ್ಲಿರುವವರು ಮೊದಲ ಬಗೆ. ಕಲಬುರಗಿ, ರಾಯಚೂರು, ಬಳ್ಳಾರಿ, ಬೆಂಗಳೂರುಗಳಿಂದ ಮದುವೆಯಾಗಿ ಬಂದವರು ಎರಡನೆಯ ಬಗೆ. ಎರಡನೆಯವರಿಗೆ ತವರು ಎಂದರೆ ಒಂದು ರಾತ್ರಿಯ ಅಥವಾ ಅರ್ಧ ದಿನದ ರೈಲು ಪ್ರಯಾಣ. 2023ರ ಸೆಪ್ಟೆಂಬರಿನಲ್ಲಿ ಕಾಚಿಗೂಡ ಮತ್ತು ಯಶವಂತಪುರಗಳ ನಡುವೆ ಆರಂಭವಾದ ವಂದೇ ಭಾರತ್ ರೈಲು ಬೆಂಗಳೂರಿನ ದಾರಿಯನ್ನು ಸುಮಾರು ಎಂಟೂವರೆ ಗಂಟೆಗೆ ಇಳಿಸಿದೆ. ಆದರೆ ಮಗುವಿಗೆ ರಾತ್ರಿ ಜ್ವರ ಬಂದಾಗ ಎಂಟೂವರೆ ಗಂಟೆಯೂ ದೂರವೇ.

ತೆರಪಿನ ಸ್ವರೂಪ

ಇರಾವತಿ ಕರ್ವೆ 1953ರಲ್ಲಿ ಪ್ರಕಟಿಸಿದ ಭಾರತದ ಬಂಧುತ್ವ ವ್ಯವಸ್ಥೆಯ ಅಧ್ಯಯನದಲ್ಲಿ, ದಕ್ಷಿಣದಲ್ಲಿ ಸೋದರಮಾವ ಅಥವಾ ಅತ್ತೆಯ ಮಗನೊಂದಿಗೆ ಮದುವೆಯಾಗುವ ರೂಢಿಯಿಂದಾಗಿ ಸೊಸೆ ಗಂಡನ ಮನೆಗೆ ಅಪರಿಚಿತಳಾಗಿ ಹೋಗುವುದಿಲ್ಲ ಎಂಬುದನ್ನು ಎತ್ತಿ ತೋರಿಸಿದರು. ಅಂಥ ಮನೆಯಲ್ಲಿ ಅತ್ತೆ, ನಾದಿನಿ, ಓರಗಿತ್ತಿಯರ ಕೈಗಳಲ್ಲಿ ಮಗು ಬೆಳೆಯುತ್ತಿತ್ತು. ಸೂಸನ್ ಸೀಮೂರ್ ಭುವನೇಶ್ವರದ ಕುಟುಂಬಗಳ ಕುರಿತು 1999ರಲ್ಲಿ ಪ್ರಕಟಿಸಿದ ಕೃತಿ ಇದನ್ನು ಬಹುತಾಯ್ತನವೆಂದು, ಎಂದರೆ ಒಂದು ಮಗುವಿನ ಹೊಣೆಯನ್ನು ಹಲವು ಹೆಂಗಸರು ಹೊರುವ ರೀತಿಯೆಂದು ವಿವರಿಸುತ್ತದೆ. ಮಾನವಶಾಸ್ತ್ರಜ್ಞೆ ಸಾರಾ ಹರ್ಡಿ 2009ರ ಗ್ರಂಥದಲ್ಲಿ ಇನ್ನೂ ಹಿಂದಕ್ಕೆ ಹೋಗಿ, ಮನುಷ್ಯ ಜಾತಿಯ ಉಳಿವೇ ತಾಯಿಯಲ್ಲದ ಪಾಲಕರ ನೆರವನ್ನು ಆಧರಿಸಿತ್ತು ಎಂದು ವಾದಿಸಿದ್ದಾರೆ. ರಕ್ತಸಂಬಂಧದ ಈ ನೆರವು ನಗರದ ಎರಡು ಕೋಣೆಗಳ ಬಾಡಿಗೆ ಮನೆಯಲ್ಲಿ ಸಿಗದಿದ್ದಾಗ ಅದರ ಜಾಗಕ್ಕೆ ಏನು ಬರುತ್ತದೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆ.

ಸರ್ಕಾರದ ಯೋಜನೆಗಳಲ್ಲಿಯೂ ಇದೇ ತೆರಪು ಕಾಣುತ್ತದೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯಲ್ಲಿ ಅಂಗನವಾಡಿಯ ಆಟಪಾಠ ಇರುವುದು ಮೂರರಿಂದ ಆರು ವರ್ಷದವರಿಗೆ. ಮೂರು ತುಂಬದ ಮಕ್ಕಳಿಗೆ ಮುಖ್ಯವಾಗಿ ದೊರೆಯುವುದು ಮನೆಗೊಯ್ಯುವ ಪೌಷ್ಟಿಕ ಆಹಾರ. ತೆಲಂಗಾಣದಲ್ಲಿ ಅದು ಬಾಲಾಮೃತಂ ಎಂಬ ಹಿಟ್ಟಿನ ಪೊಟ್ಟಣ. ರಾಷ್ಟ್ರೀಯ ಲಸಿಕಾ ವೇಳಾಪಟ್ಟಿಯಂತೆ ದಡಾರ ಮತ್ತು ರುಬೆಲ್ಲಾದ ಎರಡನೆಯ ಲಸಿಕೆ 16ರಿಂದ 24 ತಿಂಗಳೊಳಗೆ ಮುಗಿಯುವುದರಿಂದ ಆರೋಗ್ಯ ಕೇಂದ್ರದ ಭೇಟಿಯೂ ಆಮೇಲೆ ವಿರಳವಾಗುತ್ತದೆ. 2017ರ ತಿದ್ದುಪಡಿಯಿಂದ ಹೆರಿಗೆ ರಜೆ 26 ವಾರಗಳಿಗೆ ಏರಿತು. ಆದರೆ ಅದು ಮುಗಿಯುವಾಗ ಮಗು ಇನ್ನೂ ಅಂಬೆಗಾಲಿಗೂ ಬಂದಿರುವುದಿಲ್ಲ. ಅದೇ ತಿದ್ದುಪಡಿ 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆಗಳಿಗೆ ಶಿಶುಪಾಲನಾ ಕೇಂದ್ರವನ್ನು ಕಡ್ಡಾಯ ಮಾಡಿತಾದರೂ ಗೃಹಿಣಿ, ಹೊಲಿಗೆಯವಳು, ಮನೆಗೆಲಸದವಳು, ಚಿಕ್ಕ ಅಂಗಡಿಯ ನೌಕರಳು ಅದರ ಆಚೆಗೇ ಉಳಿಯುತ್ತಾರೆ.

ಹೊರೆಯ ಪ್ರಮಾಣವನ್ನು 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆ ತೋರಿಸುತ್ತದೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ ಕಳೆಯುತ್ತಿದ್ದರು. ಮನೆಯವರ ಆರೈಕೆಯಲ್ಲಿ ಹೆಂಗಸರದು 134 ನಿಮಿಷ, ಗಂಡಸರದು 76 ನಿಮಿಷ. ಓಡಾಡುವ ಮಗುವಿದ್ದ ಮನೆಯಲ್ಲಿ ಈ ಎರಡು ಲೆಕ್ಕಗಳನ್ನು ಬೇರ್ಪಡಿಸುವುದೇ ಕಷ್ಟ, ಏಕೆಂದರೆ ಅಲ್ಲಿ ಪಲ್ಯ ಹೆಚ್ಚುವಾಗಲೂ ಬಟ್ಟೆ ಒಣಹಾಕುವಾಗಲೂ ತಾಯಿಯ ಒಂದು ಕಣ್ಣು ಮಗುವಿನ ಮೇಲೆಯೇ ಇರುತ್ತದೆ.

ದಿನಚರಿ ಮತ್ತು ಸ್ಥಳ

ಹಳೆಯ ಕಾಚಿಗೂಡದ ಅಂಗಳದ ಮನೆಗಳು ಬಹುತೇಕ ಕಡೆ ನಾಲ್ಕೈದು ಮಹಡಿಗಳ ಅಪಾರ್ಟ್‌ಮೆಂಟುಗಳಿಗೆ ಜಾಗ ಬಿಟ್ಟಿವೆ. ಕಟ್ಟೆಯ ಮೇಲೆ ಕೂತು ಮಗುವನ್ನು ಆಡಲು ಬಿಡುವ ಓಣಿಯಲ್ಲಿ ಈಗ ಆಟೋ, ಬೈಕುಗಳ ದಟ್ಟಣೆ. ಹೀಗಾಗಿ ಹೈದರಾಬಾದಿನವರು ಸೆಲ್ಲಾರ್ ಎಂದು ಕರೆಯುವ, ಕಟ್ಟಡದ ತಳದಲ್ಲಿ ವಾಹನ ನಿಲ್ಲಿಸುವ ಜಾಗ ಮತ್ತು ಮೇಲಿನ ಮಾಳಿಗೆ, ಇವೆರಡೇ ಎಳೆಮಕ್ಕಳ ಆಟದ ಬಯಲುಗಳಾಗಿವೆ.

ಇಂಥ ಕಟ್ಟಡಗಳಲ್ಲಿ ತಾಯಂದಿರ ದಿನಕ್ಕೆ ಒಂದು ಲಯವಿರುತ್ತದೆ. ನಲ್ಲಿ ನೀರು, ಡಬ್ಬಿ, ದೊಡ್ಡ ಮಗುವಿನ ಶಾಲೆ ಮುಗಿದ ಮೇಲಿನ ಬೆಳಗು, ಮಗುವಿನ ನಿದ್ದೆಯ ಮಧ್ಯಾಹ್ನ, ಬಿಸಿಲಿಳಿದ ಸಂಜೆ ಎಂಬ ಮೂರು ಹೊತ್ತುಗಳಲ್ಲಿ ಸಂಜೆಯೇ ಗೆಳೆತನದ ಹೊತ್ತು. ಅನ್ನ, ತೊವ್ವೆ, ತುಪ್ಪ ಕಲಸಿದ ಬಟ್ಟಲನ್ನು ಹಿಡಿದು ಕೆಳಗಿಳಿದರೆ, ಮನೆಯಲ್ಲಿ ಬಾಯಿ ತೆರೆಯದ ಮಗು ಇನ್ನೊಂದು ಮಗು ಉಣ್ಣುವುದನ್ನು ಕಂಡು ತಾನೂ ತುತ್ತಿಗೆ ಬರುತ್ತದೆ. ಎದೆಹಾಲು ಬಿಡಿಸುವ ಬಗೆ, ಹಲ್ಲು ಬರುವಾಗಿನ ಭೇದಿ, ಮಾತು ತಡವಾದ ಆತಂಕ, ಚಡ್ಡಿ ಒದ್ದೆ ಮಾಡದಂತೆ ಕಲಿಸುವುದು ಮೊದಲಾದ ವಿಷಯಗಳ ಚರ್ಚೆ ನಡೆಯುವುದು ಇಲ್ಲಿಯೇ.

ಈ ಗೆಳೆತನದ ಬೆಳವಣಿಗೆಯಲ್ಲಿ ಮೂರು ಹಂತಗಳನ್ನು ಗುರುತಿಸಬಹುದು. ಮೊದಲನೆಯದು ಮಗುವಿನ ಮೂಲಕ ಆಗುವ ಪರಿಚಯ. ಇಲ್ಲಿ ಹೆಂಗಸು ತನ್ನ ಹೆಸರಿನಿಂದಲ್ಲ, ಇಂಥವನ ಅಮ್ಮ ಎಂದೇ ಪರಿಚಿತಳು. ಎರಡನೆಯದು ವಸ್ತುಗಳ ವಿನಿಮಯ. ಚಿಕ್ಕದಾದ ಅಂಗಿ, ನಡೆಯಲು ಕಲಿಸುವ ಗಾಲಿಬಂಡಿ, ಗಂಜಿಯ ಹಿಟ್ಟು ಕೈ ಬದಲಾಗುತ್ತವೆ, ಬಂದ ಪಾತ್ರೆಯನ್ನು ಬರಿದಾಗಿ ಮರಳಿಸಬಾರದೆಂಬ ರೂಢಿ ಈ ವಿನಿಮಯವನ್ನು ನಿಲ್ಲಗೊಡುವುದಿಲ್ಲ. ಮೂರನೆಯದು ಮಗುವನ್ನೇ ಒಪ್ಪಿಸಿ ಹೋಗುವ ನಂಬಿಕೆ. ಬ್ಯಾಂಕಿಗೋ ಆಸ್ಪತ್ರೆಗೋ ಹೋಗಿ ಬರುವವರೆಗೆ ಮಗು ಗೆಳತಿಯ ಮನೆಯಲ್ಲಿರುತ್ತದೆ. ಪರಿಚಯ ಪಾಲನೆಯಾಗಿ ಮಾರ್ಪಡುವುದು ಈ ಮೂರನೆಯ ಹಂತದಲ್ಲಿ. ವೈನಿ, ಅಕ್ಕ ಎಂಬ ಕರೆಗಳು ಆಗ ಸೌಜನ್ಯದ ಮಟ್ಟವನ್ನು ದಾಟಿ ನಿಜವಾದ ಹೊಣೆಯನ್ನು ಸೂಚಿಸತೊಡಗುತ್ತವೆ.

ಮಿಲ್ಡ್ರೆಡ್ ಪಾರ್ಟನ್ 1932ರಲ್ಲಿ ಮಕ್ಕಳ ಆಟವನ್ನು ವರ್ಗೀಕರಿಸಿದಾಗ ಬಳಸಿದ ಸಮಾಂತರ ಆಟವೆಂಬ ಕಲ್ಪನೆ ಇಲ್ಲಿ ಉಪಯುಕ್ತ. ಎರಡು ವರ್ಷದ ಆಸುಪಾಸಿನ ಮಕ್ಕಳು ಹೆಚ್ಚಾಗಿ ಒಂದರ ಜೊತೆ ಒಂದು ಆಡುವುದಿಲ್ಲ, ಒಂದರ ಪಕ್ಕದಲ್ಲಿ ಒಂದು ಆಡುತ್ತವೆ. ಆದ್ದರಿಂದ ಆ ವಯಸ್ಸಿನ ಮಗುವಿಗೆ ದಿನವೂ ಒಂದೇ ಜೊತೆಗಾರ ದೊರೆಯಬೇಕಾದರೆ ಮೊದಲು ತಾಯಂದಿರು ಜೊತೆಯಾಗಬೇಕು. ಮಕ್ಕಳ ಗೆಳೆತನಕ್ಕಿಂತ ತಾಯಂದಿರ ಗೆಳೆತನ ಕಾಲದಲ್ಲಿ ಮೊದಲಿನದು.

ಆಚರಣೆಗಳ ಕ್ಯಾಲೆಂಡರ್

ಶ್ರಾವಣದ ಮಂಗಳವಾರಗಳಲ್ಲಿ ನಡೆಯುವ ಮಂಗಳಗೌರಿ ವ್ರತವನ್ನು ಹೆಣ್ಣು ಮದುವೆಯಾದ ಮೇಲೆ ಐದು ವರ್ಷ ಆಚರಿಸುವುದು ರೂಢಿ. ಸಾಮಾನ್ಯವಾಗಿ ಮೊದಲ ಮಗು ಎಳೆಯದಾಗಿರುವುದೂ ಇದೇ ಐದು ವರ್ಷಗಳಲ್ಲಿ. ವ್ರತದ ಉದ್ದೇಶ ಸೌಭಾಗ್ಯ ಪ್ರಾರ್ಥನೆಯಾದರೂ ಅದರ ಸಾಮಾಜಿಕ ಫಲ ಬೇರೆಯದೂ ಆಗಿದೆ: ಹೊಸದಾಗಿ ಬಂದ ಸೊಸೆ ಅರಿಸಿನ ಕುಂಕುಮಕ್ಕೆಂದು ಮನೆ ಮನೆಗೆ ಹೋಗಿ, ಮಗುವನ್ನು ಸೊಂಟದ ಮೇಲಿಟ್ಟುಕೊಂಡ ತನ್ನಂಥವರನ್ನು ಕಾಣುತ್ತಾಳೆ. ತೆಲುಗರಲ್ಲಿ ಶ್ರಾವಣ ಮಂಗಳವಾರದ ನೋಮು, ಮರಾಠಿಗರಲ್ಲಿ ಮಂಗಳಾಗೌರ್ ಎಂದು ಇದೇ ಆಚರಣೆ ಇರುವುದರಿಂದ, ಮೂರೂ ಭಾಷಿಕರು ಕೂಡಿ ಬಾಳುವ ಕಾಚಿಗೂಡದಂಥ ಬಡಾವಣೆಯಲ್ಲಿ ಆಹ್ವಾನಗಳು ಭಾಷೆಯ ಗಡಿಯನ್ನು ಸುಲಭವಾಗಿ ದಾಟುತ್ತವೆ.

ಸಂಕ್ರಾಂತಿಯ ಆಚರಣೆ ಎಳೆಮಕ್ಕಳನ್ನೇ ಕೇಂದ್ರವಾಗಿರಿಸಿಕೊಂಡಿದೆ. ಉತ್ತರ ಕರ್ನಾಟಕದಲ್ಲಿ ಹಬ್ಬದ ಮರುದಿನ ಮಕ್ಕಳಿಗೆ ಕರಿ ಎರೆಯುತ್ತಾರೆ, ಅಂದರೆ ಬೋರೆಹಣ್ಣು, ಕಬ್ಬಿನ ತುಂಡು, ಚುರುಮುರಿ, ನಾಣ್ಯಗಳನ್ನು ಬೆರೆಸಿ ಮಗುವಿನ ತಲೆಯ ಮೇಲೆ ಸುರಿದು ಆರತಿ ಬೆಳಗುತ್ತಾರೆ. ತೆಲುಗರ ಭೋಗಿ ಪಳ್ಳು, ಮರಾಠಿಗರ ಬೋರನ್ಹಾಣ್ ಇದರ ಸೋದರ ಆಚರಣೆಗಳು. ಸುರಿದ ಹಣ್ಣನ್ನು ಆಯಲು ನೆರೆಮನೆಯ ಮಕ್ಕಳು ಬೇಕೇ ಬೇಕಾದ್ದರಿಂದ ಒಂದು ಮನೆಯ ಶಾಸ್ತ್ರಕ್ಕೆ ಹತ್ತು ಮನೆಯ ತಾಯಂದಿರು ಸೇರುತ್ತಾರೆ. ಮಹಾಲಯ ಅಮಾವಾಸ್ಯೆಯಿಂದ ಒಂಬತ್ತು ದಿನ ನಡೆಯುವ, 2014ರಲ್ಲಿ ತೆಲಂಗಾಣದ ರಾಜ್ಯ ಹಬ್ಬವೆಂದು ಘೋಷಿತವಾದ ಬತುಕಮ್ಮದಲ್ಲಿ ಈ ವಲಯ ಇನ್ನೂ ಹಿರಿದಾಗಿ, ಹೂವಿನ ರಾಶಿಯ ಸುತ್ತ ಚಪ್ಪಾಳೆ ತಟ್ಟುತ್ತ ಸುತ್ತುವ ಹೆಂಗಸರ ನಡುವೆ ಕನ್ನಡದ ತಾಯಂದಿರೂ ಕಾಣುತ್ತಾರೆ.

ಭಾಷೆಯ ಬೆಳವಣಿಗೆ

ಮಗು ಹದಿನೆಂಟು ತಿಂಗಳ ಸುಮಾರಿಗೆ ಐವತ್ತರಷ್ಟು ಶಬ್ದಗಳನ್ನಾಡಿ, ಎರಡರ ಹೊತ್ತಿಗೆ ಎರಡು ಶಬ್ದಗಳನ್ನು ಜೋಡಿಸುವುದು ಸಾಮಾನ್ಯ ಕ್ರಮ. ಕಾಚಿಗೂಡದ ಕನ್ನಡ ಮಗು ಇದೇ ಅವಧಿಯಲ್ಲಿ ಮನೆಯ ಕನ್ನಡ, ಮೆಟ್ಟಿಲ ಮೇಲಿನ ತೆಲುಗು, ಅಂಗಡಿಯ ದಖನಿ ಉರ್ದುಗಳನ್ನು ಒಟ್ಟಿಗೆ ಕೇಳುತ್ತದೆ. ತಾಯಿಯ ತೆಲುಗು ಗೆಳತಿ ಆ ಮಗುವಿನ ಎರಡನೆಯ ಭಾಷೆಯ ಮೊದಲ ಶಿಕ್ಷಕಿ. ತಾಯಿಯ ಕನ್ನಡ ಗೆಳತಿ ಮನೆಯ ಹೊರಗೂ ಕನ್ನಡ ಆಡುವವರಿದ್ದಾರೆ ಎಂಬುದನ್ನು ಅದಕ್ಕೆ ತಿಳಿಸುವವಳು. ಹೊರನಾಡಿನಲ್ಲಿ ಭಾಷೆಯ ಉಳಿವನ್ನು ಶಾಲೆ, ಪಠ್ಯ, ರಾಜ್ಯೋತ್ಸವಗಳ ಮೂಲಕವೇ ಚಿಂತಿಸುವ ರೂಢಿಯಿದೆ. ಆದರೆ ಮಗು ಶಾಲೆಯ ಮೆಟ್ಟಿಲೇರುವ ಮೊದಲೇ ಯಾವ ಭಾಷೆಯಲ್ಲಿ ಅಳಬೇಕು, ಯಾವುದರಲ್ಲಿ ಬೇಡಬೇಕು ಎಂಬುದು ಬಹುಮಟ್ಟಿಗೆ ತೀರ್ಮಾನವಾಗಿರುತ್ತದೆ, ಆ ತೀರ್ಮಾನದಲ್ಲಿ ತಾಯಂದಿರ ಬಳಗದ ಪಾಲು ದೊಡ್ಡದು.

ಮಿತಿಗಳು

ಈ ಗೆಳೆತನವನ್ನು ಆದರ್ಶೀಕರಿಸುವಂತಿಲ್ಲ. ಅರಿಸಿನ ಕುಂಕುಮದ ಆಹ್ವಾನ ವಿಧವೆಯನ್ನು, ಗಂಡನಿಂದ ಬೇರೆಯಾದವಳನ್ನು, ಅನ್ಯಧರ್ಮದವಳನ್ನು ಹೊರಗಿಡುತ್ತದೆ. ಅವರ ಮಕ್ಕಳೂ ಎಳೆಯವೇ. ಸೆಲ್ಲಾರಿನಲ್ಲಿಯೇ ವಾಸಿಸುವ ವಾಚ್‌ಮನ್ ಕುಟುಂಬದ ಮಗು ಎಲ್ಲ ಮಕ್ಕಳೊಂದಿಗೆ ಆಡಿದರೂ ಅದರ ತಾಯಿ ಬಾಗಿನ ಪಡೆಯುವವರ ಸಾಲಿನಲ್ಲಿ ಕೂರುವುದು ಅಪರೂಪ. ಹೋಲಿಕೆಯೂ ಈ ವಲಯದ ದೊಡ್ಡ ನೋವು: ಒಂದು ಮಗು ನಡೆದದ್ದು, ಇನ್ನೊಂದು ಮಾತಾಡದಿದ್ದದ್ದು ತಾಯಿಯ ಅರ್ಹತೆಯ ಅಳತೆಯಾಗಿಬಿಡುತ್ತದೆ. ಬೆಳವಣಿಗೆಯಲ್ಲಿ ನಿಜವಾದ ತೊಂದರೆಯಿರುವ ಮಗುವಿನ ತಾಯಿ ಇಂಥ ಮಾತುಗಳಿಗೆ ಅಂಜಿ ಸಂಜೆ ಕೆಳಗಿಳಿಯುವುದನ್ನೇ ಬಿಟ್ಟರೆ, ಅತಿ ಹೆಚ್ಚು ನೆರವು ಬೇಕಾದವಳೇ ಬಳಗದಿಂದ ದೂರವಾಗುತ್ತಾಳೆ. ಬಾಡಿಗೆ ಮನೆ ಬದಲಾದಾಗ ಇಡೀ ಬಳಗವೇ ಕಳೆದುಹೋಗುವುದು ಇನ್ನೊಂದು ದೌರ್ಬಲ್ಯ.

ಸಮಾರೋಪ

ಮೂರು ತುಂಬುವ ಮುಂಚಿನ ವರ್ಷಗಳ ಮಹತ್ವವನ್ನು ಆಡಳಿತ ಗುರುತಿಸತೊಡಗಿರುವುದಕ್ಕೆ ಇತ್ತೀಚಿನ ಸಾಕ್ಷ್ಯಗಳಿವೆ. ಕರ್ನಾಟಕ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳನ್ನು ಆರಂಭಿಸಿತು; ಕೇಂದ್ರ ಸರ್ಕಾರ 2024ರಲ್ಲಿ ಹುಟ್ಟಿನಿಂದ ಮೂರು ವರ್ಷದವರೆಗಿನ ಮಕ್ಕಳ ಬೆಳವಣಿಗೆಗಾಗಿ ನವಚೇತನ ಎಂಬ ರೂಪರೇಖೆಯನ್ನು ಪ್ರಕಟಿಸಿತು. ಈ ಪ್ರಯತ್ನಗಳು ಮಗುವನ್ನು ಕಂಡಿವೆ. ತಾಯಂದಿರು ತಾವೇ ಕಟ್ಟಿಕೊಂಡಿರುವ ಬಳಗವನ್ನು ಇನ್ನೂ ಸರಿಯಾಗಿ ಕಂಡಿಲ್ಲ. ಕಾಚಿಗೂಡದಂಥ ಕಡೆ ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ. ಅಂಗನವಾಡಿಯಲ್ಲಿ ಬಾಲಾಮೃತಂ ಹಂಚುವ ದಿನವೇ ತಾಯಿ ಮಕ್ಕಳು ಒಂದು ಗಂಟೆ ಕೂಡಿ ಆಡುವಂತಾಗಬಹುದು. ಕನ್ನಡ ಸಂಸ್ಥೆಗಳು ತಮ್ಮ ಸಭಾಂಗಣವನ್ನು ವಾರಕ್ಕೊಂದು ಸಂಜೆ ಜಾತಿ, ಧರ್ಮ, ಸೌಭಾಗ್ಯಗಳ ಷರತ್ತಿಲ್ಲದೆ ಎಳೆಮಕ್ಕಳ ತಾಯಂದಿರಿಗೆ ತೆರೆದಿಡಬಹುದು. ಅಪಾರ್ಟ್‌ಮೆಂಟ್ ಸಂಘಗಳು ಸೆಲ್ಲಾರಿನ ಒಂದು ಮೂಲೆಯನ್ನು ಸಂಜೆಯ ಹೊತ್ತು ವಾಹನಗಳಿಂದ ಮುಕ್ತವಾಗಿಡಬಹುದು. ಬಾಣಂತನವನ್ನು ಒಂದು ಸಂಸ್ಥೆಯಾಗಿ ರೂಪಿಸಿದ ಸಮಾಜಕ್ಕೆ, ಅದರ ಮುಂದಿನ ಎರಡು ವರ್ಷಗಳ ಹೊಣೆಯನ್ನೂ ಅದೇ ಗೌರವದಿಂದ ಹೊರುವ ಸಾಮರ್ಥ್ಯವಿದೆ. ತಾಯಂದಿರು ಅದರ ಅರ್ಧ ಕೆಲಸವನ್ನು ಈಗಾಗಲೇ ಮಾಡಿದ್ದಾರೆ. ಉಳಿದರ್ಧ ಸಮುದಾಯ ಮತ್ತು ಸರ್ಕಾರದ ಪಾಲಿನದು.