ದಾವಾನಲವೂ ನಿರಾಶ್ರಿತರ ತಾತ್ಕಾಲಿಕ ಗೃಹಗಳೂ

ಹಸಿದು ಬಂದವನಿಗೆ ಒಂದು ಹೊತ್ತಿನ ಪ್ರಸಾದವನ್ನು ನೀಡುವುದು ದಾಸೋಹದ ಮೊದಲನೆಯ ಮೆಟ್ಟಿಲು. ಮನೆಯನ್ನು ಕಳೆದುಕೊಂಡವನಿಗೆ ಹೊಸ ಮನೆಯಾಗುವ ಪರ್ಯಂತ ನೆರಳನ್ನೊದಗಿಸುವುದು ಅದಕ್ಕಿಂತಲೂ ಕಠಿನವಾದ ಕಾರ್ಯ. ಒಂದು ದಿನದ ಔದಾರ್ಯದಿಂದ ಅದು ಮುಗಿಯತಕ್ಕದ್ದಲ್ಲ. ಅಮೆರಿಕಾ ದೇಶದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಸಂಭವಿಸಿದ ಎರಡು ಅಗ್ನಿಪ್ರಳಯಗಳ ಚರಿತ್ರೆಯಿಂದ ಇದು ವಿಶದವಾಗುತ್ತದೆ.

2018ನೆಯ ಇಸವಿ ನವೆಂಬರ್ 8ರಂದು ಆ ಪ್ರಾಂತದ ಉತ್ತರಭಾಗದ ಬ್ಯೂಟ್ ಜಿಲ್ಲೆಯಲ್ಲಿ ವಿದ್ಯುತ್ತಿನ ಗೋಪುರದ ಹಳೆಯ ಕೊಕ್ಕೆಯೊಂದು ಸವೆದು ಮುರಿಯಲಾಗಿ, ತಂತಿಯಿಂದ ಹುಟ್ಟಿದ ಕಿಡಿಯು ಒಣಗಿದ ಅರಣ್ಯವನ್ನು ಹಿಡಿದು, ಬಿರುಗಾಳಿಯ ನೆರವಿನಿಂದ ಪ್ಯಾರಡೈಸ್ ಎಂಬ ಊರನ್ನು ಕೆಲವೇ ಗಂಟೆಗಳಲ್ಲಿ ಸುಟ್ಟುಬಿಟ್ಟಿತು. ಸ್ವರ್ಗವೆಂಬ ಅರ್ಥದ ಹೆಸರುಳ್ಳ ಊರಿಗೆ ಇಂಥ ಗತಿ! 85 ಜನರು ಮಡಿದರು. 18,000ಕ್ಕೂ ಮಿಕ್ಕ ಕಟ್ಟಡಗಳು ನಾಶವಾದುವು. ಬದುಕಿದವರಲ್ಲಿ ಹಲವರು ತಮ್ಮ ಸುಟ್ಟ ನಿವೇಶನಗಳಲ್ಲಿಯೇ ಗಾಲಿಗಳುಳ್ಳ ವಾಹನಗೃಹಗಳನ್ನು ನಿಲ್ಲಿಸಿಕೊಂಡು ವಾಸಿಸತೊಡಗಿದರು. ಆದರೆ ಅಲ್ಲಿಯ ಬೂದಿಯು ವಿಷಯುಕ್ತವಾದುದು. ನೆಲದೊಳಗಿನ ನೀರಿನ ಕೊಳವೆಗಳಲ್ಲಿಯೂ ಬೆಂಜೀನ್ ಎಂಬ ವಿಷದ್ರವ್ಯವು ಕಂಡುಬಂದಿತು. ಕೇಂದ್ರಸರ್ಕಾರದವರು ಆಕ್ಷೇಪಿಸಲಾಗಿ, ಮೊದಲು ಅಪ್ಪಣೆಯಿತ್ತಿದ್ದ ಪುರಸಭೆಯೇ 2019ರ ಫೆಬ್ರವರಿಯಲ್ಲಿ ಅದನ್ನು ಹಿಂತೆಗೆದುಕೊಳ್ಳಬೇಕಾಯಿತು. ಸರ್ಕಾರದ ತಾತ್ಕಾಲಿಕ ಗೃಹಗಳಲ್ಲಿ ಅನೇಕವು ಬಯಲುಪ್ರದೇಶದ ಗ್ರಿಡ್ಲಿ ಮುಂತಾದ ಬೇರೆ ಊರುಗಳಲ್ಲಿ ನಿಂತುವು. ಛಾವಣಿಯೇನೋ ದೊರೆಯಿತು, ಹಳೆಯ ನೆರೆಹೊರೆ ದೊರೆಯಲಿಲ್ಲ.

ಇದಕ್ಕೆ 112 ವರ್ಷಗಳ ಹಿಂದೆ, 1906ರ ಏಪ್ರಿಲ್ 18ರಂದು, ಅದೇ ಪ್ರಾಂತದ ಸ್ಯಾನ್‌ಫ್ರಾನ್ಸಿಸ್ಕೋ ನಗರವು ಭೂಕಂಪಕ್ಕೆ ತುತ್ತಾಗಿ, ತರುವಾಯ ಮೂರು ದಿವಸ ಹೊತ್ತಿ ಉರಿದಿತ್ತು. ಅದು ಕಾಡಿನ ಕಿಚ್ಚಲ್ಲ, ನಗರದ ಕಿಚ್ಚು; ಆದರೂ ಮನೆಯಳಿದವರ ಸಂಕಟವು ಒಂದೇ. ಎರಡು ಲಕ್ಷಕ್ಕೂ ಹೆಚ್ಚು ಜನರು ನಿರಾಶ್ರಿತರಾದರು. ಉದ್ಯಾನಗಳು ಡೇರೆಗಳಿಂದ ತುಂಬಿದುವು. ಮಳೆಗಾಲವು ಸಮೀಪಿಸಲು, ಪರಿಹಾರಸಮಿತಿಯವರು ಆ ಸೆಪ್ಟೆಂಬರಿನಿಂದ ಮುಂದಿನ ಮಾರ್ಚಿಯೊಳಗಾಗಿ ಬಡಗಿಗಳಿಂದ 5,610 ಮರದ ಕುಟೀರಗಳನ್ನು ಕಟ್ಟಿಸಿದರು. ಗೋಡೆಗಳು ರೆಡ್‌ವುಡ್ ಮರದವು, ನೆಲವು ಫರ್ ಹಲಗೆಯದು, ಬಣ್ಣವು ಉದ್ಯಾನಕ್ಕೊಪ್ಪುವ ಹಸುರು. ಚಿಕ್ಕ ಕುಟೀರದ ಅಳತೆಯು 10 ಅಡಿ ಅಗಲ, 14 ಅಡಿ ಉದ್ದ ಮಾತ್ರ.

ಇವುಗಳ ವಿಷಯದಲ್ಲಿ ವಿಶೇಷವಾಗಿ ಮೆಚ್ಚತಕ್ಕುದು ಅವುಗಳನ್ನು ಕೊಟ್ಟ ಕರಾರು. ಒಕ್ಕಲಾದವನು ತಿಂಗಳಿಗೆ 2 ಡಾಲರಿನಂತೆ ಕೊಡುತ್ತಿದ್ದು, ಒಟ್ಟು ಸುಮಾರು 50 ಡಾಲರು ಸಂದಾಯವಾದರೆ ಕುಟೀರವು ಅವನದೇ. ಆದರೆ ಅದನ್ನು ಉದ್ಯಾನದಿಂದ ಕದಲಿಸಿ ಬೇರೆ ನಿವೇಶನಕ್ಕೆ ಒಯ್ಯಬೇಕು. ಹೀಗಾಗಿ ಆಶ್ರಯ ಪಡೆದವನು ಭಿಕ್ಷೆಯ ಭಾರದಿಂದ ಕುಗ್ಗಲಿಲ್ಲ. ತನ್ನ ಕಾಯಕದ ಹಣದಿಂದಲೇ ಗೃಹಸ್ಥನಾದನು. ಈ ನ್ಯಾಯವು ಎಲ್ಲರಿಗೂ ಸಮನಾಗಿ ದೊರೆಯಿತೆನ್ನಲಾಗದು. ಚೀನೀ ನಿರಾಶ್ರಿತರನ್ನು ಜನಾಂಗದ್ವೇಷದಿಂದ ಒಂದು ಶಿಬಿರದಿಂದ ಇನ್ನೊಂದಕ್ಕೆ ಅಟ್ಟಿದ ಸಂಗತಿಯನ್ನು, ಕುಲಭೇದವನ್ನೊಪ್ಪದ ಶರಣರ ಅನುಯಾಯಿಗಳು ಕಡೆಗಣಿಸಲಾರರು.

1907ರಲ್ಲಿ ಕುದುರೆಬಂಡಿಗಳ ಮೇಲೆ ಮನೆಗಳೇ ಬೀದಿಬೀದಿಗಳಲ್ಲಿ ಪ್ರಯಾಣಮಾಡತೊಡಗಿದುವು. ಕೆಲವರು ಎರಡು ಮೂರು ಕುಟೀರಗಳನ್ನು ಜೋಡಿಸಿ ಒಂದು ಮನೆಯನ್ನು ಮಾಡಿಕೊಂಡರು. 1908ರ ನಡುವಿಗೆ ಶಿಬಿರಗಳು ಬರಿದಾದುವು. ಆ ಕುಟೀರಗಳಲ್ಲಿ ಎರಡನ್ನು ಪ್ರೆಸಿಡಿಯೊ ಎಂಬ ಹಳೆಯ ಸೈನ್ಯದ ಠಾಣೆಯಲ್ಲಿ ಕಾಪಾಡಿಟ್ಟಿದ್ದಾರೆ. ಇನ್ನು ಕೆಲವು ನಗರದ ಬೀದಿಗಳಲ್ಲಿ ಒಕ್ಕಲುಗಳೊಡನೆ ಇಂದಿಗೂ ನಿಂತಿವೆ.